ರಬ್ಬರ್ ನಳಿಗೆಯೂ ಆಯಿಯ ಮೂಗುತಿಯೂ

ಎಚ್ಚರವಿರುವ ಮನುಷ್ಯನ ಮೂಗಿನಲ್ಲಿ ನಳಿಗೆ ಇಳಿಸುವ ಕೆಲಸ ಈ ಲೋಕದಲ್ಲಿ ಇರುವವರೆಗೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇವು ನಡೆದಾಗ ನಾನು ಗೋಕಾಕದಿಂದ ಹುಕ್ಕೇರಿಯ ಕಡೆ ಹೋಗುವ ದಾರಿಯ ಮೇಲಿನ ಒಂದು ಸಣ್ಣ ದವಾಖಾನೆಯಲ್ಲಿ ಹೊಸ ಡಾಕ್ಟರ್. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ದವಾಖಾನೆಗೆ ವಿದ್ಯುತ್ ದೀಪ ಬಂದಿರಲಿಲ್ಲ. ಇದ್ದದ್ದು ಒಂದೇ ಉದ್ದನೆಯ ಕೋಣೆ. ನಡುವೆ ಒಂದು ಖಾದಿ ಪರದೆ. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಪರದೆ ಕಣ್ಣನ್ನು ತಡೆಯುತ್ತಿತ್ತು, ಕಿವಿಯನ್ನಲ್ಲ.

ನಳಿಗೆ ಎಂದರೆ ಕೆಂಪು ರಬ್ಬರಿನದು, ಕಿರುಬೆರಳಿಗಿಂತ ಸಣ್ಣ. ಗ್ಲಿಸರಿನ್ ಹಚ್ಚಿ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಹೊಟ್ಟೆಗೆ ಇಳಿಸಬೇಕು. ಹೊಟ್ಟೆಯಲ್ಲಿ ಕೂಡಿ ನಿಂತದ್ದನ್ನು ಅದರಿಂದ ಎಳೆದು ತೆಗೆಯಬಹುದು. ಆದರೆ ಡಾಕ್ಟರನ ಕೈ ಗಂಟಲಿನವರೆಗೆ ಮಾತ್ರ. ಅಲ್ಲಿಂದ ಮುಂದೆ ರೋಗಿಯೇ ಗುಟುಕು ಗುಟುಕು ನೀರು ಕುಡಿದು ಅದನ್ನು ನುಂಗಿಕೊಳ್ಳಬೇಕು. ಅವನಿಗೆ ಮನಸ್ಸಿಲ್ಲದಿದ್ದರೆ ನಳಿಗೆ ಉಸಿರಿನ ಹಾದಿ ಹಿಡಿದು ಕೆಮ್ಮು ತರುತ್ತದೆ. ಆ ಕಾಲದಲ್ಲಿ ಸರಕಾರದ ಹುಕುಮು ನಡೆಯದ ಜಾಗ ಒಂದೇ, ಅದು ರೋಗಿಯ ಗಂಟಲು.

ಆ ವಾರ ಮಮದಾಪುರದಿಂದ ಒಬ್ಬ ಮುದುಕಿ ಬಂದಿದ್ದಳು, ನಮಗೆಲ್ಲ ಆಯಿ. ಗಂಡ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕೌದಿ ಹೊದಿಸಿ ಕರೆತಂದಿದ್ದ. ಹೊಟ್ಟೆ ಉಬ್ಬಿತ್ತು, ವಾಂತಿ ನಿಂತಿರಲಿಲ್ಲ. ಕರುಳು ಎಲ್ಲೋ ಸಿಕ್ಕಿಕೊಂಡಿದೆ ಎಂದು ನಮ್ಮ ದೊಡ್ಡ ಡಾಕ್ಟರರು ಹೇಳಿದರು. "ಇವತ್ತೊಂದು ದಿನ ನೋಡೋಣ. ನಾಳೆ ಬೆಳಿಗ್ಗೆಗೆ ಇಳಿಯದಿದ್ದರೆ ನಳಿಗೆ ಹಾಕಿ ಹೊಟ್ಟೆ ಖಾಲಿ ಮಾಡಲೇಬೇಕು. ಇಲ್ಲದಿದ್ದರೆ ಈ ಜೀವ ಉಳಿಯುವುದಿಲ್ಲ."

ನಾನು ಹೋಗಿ ಆಯಿಗೆ ನಳಿಗೆ ತೋರಿಸಿದೆ. ಆಕೆ ಅದನ್ನು ಮುಟ್ಟಿ ನೋಡಿದಳು. "ನೋಡೂಣಪಾ. ಮೊದಲ ಬ್ಯಾರೇದವರಿಗಿ ಹಾಕು. ನಾ ಇಲ್ಲಿಂದ ಕೇಳತೇನಿ."

ಹಾಗೆ ಕೇಳಿಸಲು ಅವಕಾಶವೂ ಒದಗಿತು. ಅಪರೂಪಕ್ಕೆ ಆ ಒಂದೇ ದಿನ ಪರದೆಯ ಆಚೆ ಮೂರು ಮೂಗುಗಳು ನನ್ನ ಪಾಲಿಗೆ ಬಂದವು.

ಎಲ್ಲರೂ ನುಂಗಿದರು

ಮೊದಲನೆಯವನು ಮೂಡಲಗಿಯ ಒಬ್ಬ ರೈತ. ಹಿಂದಿನ ದಿನ ಶಸ್ತ್ರಕ್ರಿಯೆ ಆಗಿತ್ತು, ಹೊಟ್ಟೆ ಬಿಗಿದುಕೊಂಡಿತ್ತು. ಅವನ ಜೊತೆ ಮನೆಯೆಲ್ಲ ಬಂದಿತ್ತು: ಹೆಂಡತಿ, ತಮ್ಮಂದಿರು, ಅಕ್ಕ, ಮಗಳು, ಮತ್ತು ಜರಿಯ ರುಮಾಲು ಸುತ್ತಿದ ಅಳಿಯ. ಹೊರಗೆ ನಿಲ್ಲಿರಿ ಎಂದೆ. ಹೊರಗೆ ಹೋಗಿ, ಇನ್ನೊಂದು ಬಾಗಿಲಿನಿಂದ ಒಳಗೆ ಬಂದರು.

ಮಂಚದ ಸುತ್ತ ಅಷ್ಟು ಮುಖಗಳು. ರೈತನ ಕೈಯಲ್ಲಿ ನೀರಿನ ಲೋಟ ಕೊಟ್ಟು, ನಳಿಗೆ ಗಂಟಲಿಗೆ ಮುಟ್ಟಿದ ಕೂಡಲೆ, "ನುಂಗ್ರಿ" ಎಂದೆ.

ಎಲ್ಲರೂ ನುಂಗಿದರು. ಅಕ್ಕ ಕಣ್ಣು ಮುಚ್ಚಿ ನುಂಗಿದಳು, ತಮ್ಮಂದಿರು ಕುತ್ತಿಗೆ ಮುಂದೆ ಚಾಚಿ ನುಂಗಿದರು. "ಇನ್ನೊಮ್ಮೆ" ಎಂದೆ. ಮತ್ತೊಮ್ಮೆ ಅಷ್ಟೂ ಗಂಟಲುಗಳು ಗುಟುಕ್ ಎಂದವು. ರೈತನಿಗೆ ನಳಿಗೆ ಸಲೀಸಾಗಿ ಇಳಿಯಿತು. ಮೂಗಿನಲ್ಲಿ ಏನೂ ಇಲ್ಲದ ಅಳಿಯನಿಗೆ ಮಾತ್ರ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂದು, ಬೆವರು ಬಂದು, ಮೊದಲು ಕುಕ್ಕರಿಸಿ ಆಮೇಲೆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಮನೆಯವರೆಲ್ಲ ರೋಗಿಯನ್ನು ಬಿಟ್ಟು ಸೆರಗಿನಿಂದ, ರುಮಾಲಿನಿಂದ ಅವನಿಗೆ ಗಾಳಿ ಹಾಕತೊಡಗಿದರು.

ಮೂಗಿನಲ್ಲಿ ನಳಿಗೆ ಇಟ್ಟುಕೊಂಡ ರೈತ ನನ್ನ ಅಂಗಿಯ ತುದಿ ಜಗ್ಗಿದ. "ಸಾಹೇಬ್ರ, ನಂದು ಆತಲ್ರಿ. ಇನ್ನ ಇದನ್ನ ತಗದು ನಮ್ಮ ಅಳಿಯದೇವ್ರಿಗಿ ಹಾಕ್ರಿ. ನನಕಿಂತಾ ಅವರಿಗೇ ಭಾಳ ಆಗೇತಿ."

ಪರದೆಯ ಈಚೆ ಏನನ್ನೂ ಕಾಣದೆ ಮಲಗಿದ್ದ ಆಯಿ ನರ್ಸಬಾಯಿಗೆ ಹೇಳಿದಳು: "ಹೊಸಾ ಅಳಿಯ ಇರಬೇಕು."

ಗಿರಣಿಯ ನೂಲು

ಎರಡನೆಯವನು ಗೋಕಾಕ ಜಲಪಾತದ ಹತ್ತಿರದ ನೂಲಿನ ಗಿರಣಿಯಲ್ಲಿ ಕೆಲಸ ಮಾಡುವವನು. ಹೊಟ್ಟೆಯ ಹುಣ್ಣು. ಧೈರ್ಯವಂತ, ಹಾಕ್ರಿ ಎಂದು ತಾನೇ ಮೂಗು ಮೇಲೆತ್ತಿ ಕುಳಿತ. ಹಾಗೆ ಎತ್ತಬಾರದು, ಗದ್ದವನ್ನು ಎದೆಗೆ ಹಚ್ಚಬೇಕು ಎಂದು ಹೇಳಿದರೂ ಅವನ ಧೈರ್ಯ ಅವನ ತಲೆಯನ್ನು ಮೇಲಕ್ಕೇ ಎತ್ತುತ್ತಿತ್ತು.

ನಾನು ನಳಿಗೆ ತಳ್ಳುತ್ತ ಹೋದೆ. ಅದು ಇಳಿಯುತ್ತ ಹೋಯಿತು. ಅವನು ಕೆಮ್ಮಲಿಲ್ಲ, ಒದ್ದಾಡಲಿಲ್ಲ. ಎಷ್ಟು ಚೆನ್ನಾಗಿ ಹೋಗುತ್ತಿದೆ ಎಂದು ನನಗೆ ಒಳಗೊಳಗೆ ಸಂತೋಷ. ಆಗ ಅವನು ಬಾಯಿ ತೆರೆದ. ನಳಿಗೆಯ ಇನ್ನೊಂದು ತುದಿ ಅವನ ತುಟಿಯ ಮೇಲೆ ಬಂದು ಕುಳಿತಿತ್ತು.

ಅವನು ಮೂಗಿನ ತುದಿಯನ್ನು ಒಂದು ಕೈಯಲ್ಲಿ, ಬಾಯಿಯ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೂಲು ನೋಡುವ ಕಣ್ಣಿನಿಂದ ಎರಡನ್ನೂ ನೋಡಿದ.

"ಸಾಹೇಬ್ರ, ಗಿರಣ್ಯಾಗ ನೂಲು ಹಿಂಗ ಸಿಕ್ಕಾತಂದ್ರ ನಮಗ ಮುಕಾದಮ ಬೈತಾನ್ರಿ. ನಿಮಗ ಯಾರ ಬೈತಾರ?"

"ನರ್ಸಬಾಯಿ" ಎಂದೆ.

ನರ್ಸಬಾಯಿ ಆಗಲೇ ಪರದೆ ಸರಿಸಿಕೊಂಡು, "ಬಾಯಾಗ ಬಂತಲ್ರಿ!" ಎನ್ನುತ್ತ ಬರುತ್ತಿದ್ದಳು. ಅವಳ ಹಿಂದೆಯೇ ಆಯಿಯ ದನಿ: "ಯಪ್ಪಾ ಡಾಕ್ಟರಾ, ಮೂಗಿನ್ಯಾಗ ಹಾಕಿದ್ದು ಬಾಯಾಗ ಬಂತಂತಲ್ಲ. ಹಂಗಾದ್ರ ಮೊದಲಿಗೇ ಬಾಯಾಗ ಹಾಕಾಕ ಏನಾಗಿತ್ತು?"

ಕೇಳಬೇಕಾದ ಮಾತೇ. ಈ ನಳಿಗೆ ಎರಡು ಮೂರು ದಿನ ಒಳಗೇ ಇರಬೇಕಾದದ್ದು, ಬಾಯಿಯಲ್ಲಿದ್ದರೆ ಹಲ್ಲು ಕಚ್ಚುತ್ತವೆ, ವಾಕರಿಕೆ ನಿಲ್ಲುವುದಿಲ್ಲ ಎಂದು ಪರದೆಯ ಮೂಲಕ ಹೇಳಿದೆ.

"ನನಗ ಹಲ್ಲಿಲ್ಲ" ಎಂದಳು ಆಯಿ.

ಹೊತ್ತು ಮುಳುಗುವ ಮೊದಲು

ಮೂರನೆಯವರು ಹುಕ್ಕೇರಿಯ ಒಬ್ಬ ಜೈನ ವ್ಯಾಪಾರಿ. ಅರ್ಧ ಕನ್ನಡ, ಅರ್ಧ ಮರಾಠಿ ಮಾತು. ಹೊಟ್ಟೆಯಿಂದ ಮುಂದೆ ಹೋಗುವ ಬಾಗಿಲು ಹುಣ್ಣಿನಿಂದ ಕಿರಿದಾಗಿ, ಉಂಡದ್ದು ಒಳಗೇ ನಿಲ್ಲುತ್ತಿತ್ತು. ಸಂಜೆ ನಳಿಗೆಯಿಂದ ಹೊಟ್ಟೆ ತೊಳೆಯಬೇಕು. ಆದರೆ ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರನ್ನೂ ಮುಟ್ಟುವವರಲ್ಲ.

"ಈ ನೀರ ಕುಡದಂಗಲ್ರಿ ಕಾಕಾ. ಒಳಗ ಹಾಕಿ ಹೊರಗ ತಗಿಯೂದು" ಎಂದೆ.

"ಖರೆ. ಆದ್ರ ಒಳಗ ಹೋದಾಗ ಹೊತ್ತು ಇರಬೇಕು, ಹೊರಗ ಬರೂವಾಗೂ ಹೊತ್ತು ಇರಬೇಕು. ನಡಬರಕ ಮುಳಗಿತಂದ್ರ ಏನ ಮಾಡ್ತೀರಿ?"

ಮಂಚವನ್ನು ಪಡುವಣದ ಕಿಟಕಿಗೆ ತಿರುಗಿಸಿದೆವು. ಅವರು ಸೂರ್ಯನನ್ನು ನೋಡುತ್ತ, ನಾನು ಅವರ ಮೂಗನ್ನು ನೋಡುತ್ತ ಕೆಲಸ ನಡೆಯಿತು. ಒಳ್ಳೆಯ ರೋಗಿ, ನುಂಗ್ರಿ ಎಂದರೆ ನುಂಗುವರು, ಕಣ್ಣು ಮಾತ್ರ ಕಿಟಕಿ ಬಿಡದು. ನೀರು ಹಾಕಿ ತೆಗೆದಾಗ ಅದರ ಜೊತೆ ಅನ್ನ ಬಂತು, ಬೇಳೆ ಬಂತು. ಅವರು ತಟ್ಟೆಯನ್ನು ನೋಡಿ ಬಿಳಿಚಿಕೊಂಡರು.

"ಇದು ನಿನ್ನಿ ಸಂಜೀದು. ಹೊತ್ತು ಮುಳಗೂಕ್ಕಿಂತ ಮೊದಲ ಉಂಡದ್ದು. ಇಡೀ ರಾತ್ರಿ ಒಳಗ ಇತ್ತೇನ್ರಿ? ಹಂಗಾದ್ರ ನಾ ರಾತ್ರಿ ಉಂಡಂಗ ಆತಲ್ಲ."

ಆ ಮುಖದಲ್ಲಿ ಹೊಟ್ಟೆನೋವಿಗಿಂತ ದೊಡ್ಡ ನೋವಿತ್ತು. "ನೀವು ಉಂಡದ್ದು ಹಗಲಿನಾಗ. ತಡಾ ಮಾಡಿದ್ದು ಹೊಟ್ಟಿ. ಅದರ ದೋಷ ನಿಮಗ ಬರೂದಿಲ್ಲ" ಎಂದೆ. ಅವರಿಗೆ ಅರ್ಧ ಸಮಾಧಾನವಾಯಿತು.

ಉಳಿದರ್ಧ ಸಮಾಧಾನವನ್ನು ಅವರ ಹೆಂಡತಿ ಕೊಟ್ಟರು. "ಹೊಟ್ಟೀನೂ ಇವರಂಗ ಐತ್ರಿ. ಅಂಗಡಿ ತಗಿಯೂದು ಹೊತ್ತಿಗೆ ಸರಿಯಾಗಿ. ಮುಚ್ಚಾಕ ಮಾತ್ರ ಮನಸ ಬರೂದಿಲ್ಲ."

ಪರದೆಯ ಈಚೆಯಿಂದ ನಗು ಬರುತ್ತದೆಂದು ಕಾದೆ. ಬರಲಿಲ್ಲ. ಆಯಿ ಗೋಡೆಯ ಕಡೆ ತಿರುಗಿ ಮತ್ತೆ ವಾಂತಿ ಮಾಡಿಕೊಳ್ಳುತ್ತಿದ್ದಳು.

ಪಂಚಮಿಯ ಜೋಕಾಲಿ

ಬೆಳಿಗ್ಗೆ ಅವಳ ಹೊಟ್ಟೆ ಇನ್ನಷ್ಟು ಉಬ್ಬಿತ್ತು. ನಾಡಿ ಓಡುತ್ತಿತ್ತು. ದೊಡ್ಡ ಡಾಕ್ಟರರು ನನ್ನ ಕಡೆ ನೋಡಿದರು, ನಾನು ಗ್ಲಿಸರಿನ್ ತೆಗೆದುಕೊಂಡೆ.

ಆಶ್ಚರ್ಯವೆಂದರೆ ಆಯಿ ತಯಾರಾಗಿದ್ದಳು. ಮಲಗಿದಲ್ಲೇ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಗದ್ದವನ್ನು ಎದೆಗೆ ಹಚ್ಚಿ ಕುಳಿತಿದ್ದಳು. ಕೇಳಿ ಕೇಳಿಯೇ ಎಲ್ಲ ಕಲಿತಿದ್ದಳು. "ಹಾಕಪಾ. ನಾ ಅಳಿಯನಂಗ ಬೀಳೂದಿಲ್ಲ."

ಮೂಗಿನ ಕೆಳಗೆ ಅರಳೆಯ ಎಳೆ ಹಿಡಿದೆ. ಬಲಗಡೆ ಎಳೆ ಅಲುಗಲಿಲ್ಲ. ಆ ಕಡೆ ಉಸಿರೇ ಇರಲಿಲ್ಲ.

"ಅದು ಮುಚ್ಚಿ ಭಾಳ ವರ್ಸ ಆತು. ಸಣ್ಣಾಕಿ ಇದ್ದಾಗ ನಾಗರ ಪಂಚಮಿ ಜೋಕಾಲಿಯಿಂದ ಮೂಗ ಮುಂದ ಮಾಡಿ ಬಿದ್ದಿದ್ದೆ."

ಎಡಗಡೆ ಉಸಿರಿತ್ತು. ಅಲ್ಲಿ ಮೂಗುತಿಯೂ ಇತ್ತು. ಹಳೆಯ ಕಾಲದ ಗಟ್ಟಿ ಮೂಗುತಿ. ಹೊರಗೆ ಹರಳುಗಳ ಹೂ, ಒಳಗೆ ಬಟಾಣಿ ಕಾಳಿನಂಥ ತಿರುಪು. ನಳಿಗೆ ಹಾಕಲು ನೋಡಿದೆ. ತಿರುಪಿಗೆ ತಾಗಿ ನಿಂತಿತು. ಒತ್ತಿದರೆ ರಕ್ತ ಬರುತ್ತಿತ್ತು.

"ಆಯಿ, ಮೂಗುತಿ ತಗೀಬೇಕಾಗತೈತಿ."

ಎದೆಗೆ ಹಚ್ಚಿದ್ದ ಗದ್ದ ಮೇಲೆದ್ದಿತು. "ಅವರು ಇರೂ ತನಕ ತಗಿಯೂದಿಲ್ಲ."

ಅವರು ಎಂದರೆ ಗಂಡ, ನಾವು ಮುತ್ಯಾ ಎನ್ನುತ್ತಿದ್ದ ಮುದುಕ. ಆತ ಮಂಚದ ಕಾಲಿನ ಹತ್ತಿರವೇ, ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮದುವೆಯ ದಿನ ಹಾಕಿದ ಮೂಗುತಿ ಗಂಡನ ಆಯುಷ್ಯಕ್ಕೆ ಕಾವಲು, ಒಂದು ಗಳಿಗೆ ತೆಗೆದರೂ ಅವನ ಜೀವಕ್ಕೆ ಕುಂದು ಎಂಬುದು ಅವಳ ನಂಬಿಕೆ. ಅದನ್ನು ನಗುವಷ್ಟು ಓದು ನನಗೆ ಆಗಿತ್ತು. ಆದರೆ ಅವಳ ಮುಖ ನೋಡುತ್ತ ನಗುವಷ್ಟು ಆಗಿರಲಿಲ್ಲ.

ಮುತ್ಯಾ ನನಗೆ ಹೇಳಿದ: "ಸಾಹೇಬ್ರ, ಆಕಿಗಿ ಹೇಳ್ರಿ. ನನಗೇನೂ ಆಗೂದಿಲ್ಲ, ತಗೀ ಅಂತ ಹೇಳ್ರಿ."

ಆಯಿ ನನಗೆ ಹೇಳಿದಳು: "ಅವರಿಗಿ ಹೇಳಪಾ. ಏನರೇ ಆದ ಮ್ಯಾಲೆ ಯಾರನ್ನ ಕೇಳೂದು ಅಂತ."

ಅವರಿಬ್ಬರ ನಡುವೆ ಒಂದು ಮೊಳ ಜಾಗವಿತ್ತು. ಹಿರಿಯರಿದ್ದ ತುಂಬಿದ ಮನೆಯಲ್ಲಿ ಬಾಳಿದವರು. ನಾಲ್ಕು ಜನರ ಮುಂದೆ ಒಬ್ಬರಿಗೊಬ್ಬರು ಮಾತಾಡಿ ಅಭ್ಯಾಸವಿಲ್ಲ. ನಾನು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುತ್ತಿದ್ದೆ. ಇಬ್ಬರೂ ನಾನು ಹೇಳಿ ಮುಗಿಸುವವರೆಗೆ, ಮೊದಲೇ ಕೇಳಿಸಿದ್ದರೂ, ಮರ್ಯಾದೆಯಿಂದ ಕಾಯುತ್ತಿದ್ದರು.

ಪತ್ತಾರ

ಆ ತಿರುಪು ಕೈಗೆ ಬಗ್ಗುವಂಥದ್ದಲ್ಲ. ದೊಡ್ಡ ಡಾಕ್ಟರರು ತಮ್ಮ ಮೋಟಾರು ಕಳಿಸಿ ಗೋಕಾಕದಿಂದ ಅಕ್ಕಸಾಲಿ ಪತ್ತಾರನನ್ನು ಕರೆಸಿದರು. ಆತ ಸಣ್ಣ ಇಕ್ಕಳ ಹಿಡಿದು ಬಂದು ಕುಳಿತ. ಆಯಿ ಮೂಗಿನ ಮೇಲೆ ಅಂಗೈ ಇಟ್ಟುಕೊಂಡಳು.

"ಮುತ್ತೈದಿಯಾಗಿ ಹೋಗತೇನಿ. ಅದರಾಗ ಏನ ಕೆಟ್ಟದ್ದೈತಿ?" ಎಂದು ನನ್ನನ್ನು ಕೇಳಿದಳು. ಅವಳ ತುಟಿ ಒಣಗಿತ್ತು, ಮಾತು ಸಣ್ಣದಾಗುತ್ತಿತ್ತು.

ಆಗ ಮುತ್ಯಾ ನನ್ನ ದಾರಿ ಬಿಟ್ಟು ನೇರವಾಗಿ ಮಾತಾಡಿದ. "ನೀ ಹ್ವಾದಿ ಅಂದ್ರ ಅದು ಯಾರ ಮೂಗಿನ್ಯಾಗ ಕುಂತು ನನ್ನ ಕಾಯತೈತಿ?"

ಪತ್ತಾರ ಇಕ್ಕಳ ಕೆಳಗಿಟ್ಟ.

ಆತ ತನ್ನ ಕಿವಿಯ ಹಾಲೆ ಜಗ್ಗಿ ತೋರಿಸಿದ. ಅಲ್ಲಿದ್ದ ಬಂಗಾರದ ಒಂಟಿ ಎಂದೋ ಹೊಳೆಯಲ್ಲಿ ಈಸುವಾಗ ಕಳೆದಿತ್ತು, ತೂತು ಉಳಿದಿತ್ತು. "ನನ್ನ ಸಲುವಾಗಿ ಹಾಕ್ಕೊಂಡದ್ದಲ್ಲಾ? ನನ್ನ ಮೈಮ್ಯಾಲೇ ಇರಲಿ. ಇದರಾಗ ಹಾಕು."

ಆಯಿ ಆ ಕಿವಿಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವರಿಗಿ ಕೇಳು. ಮಂದಿ ನಗತಾರಂತ ತಗದು ಕಿಸೇದಾಗ ಇಟ್ಕೋತಾರೇನು?"

"ಇಲ್ಲ ಅಂತ ಹೇಳ್ರಿ ಸಾಹೇಬ್ರ."

"ನನ್ನ ಕಣ್ಣ ಮುಂದ ಕುಂದರ್ತಾರೇನು?"

"ಹೂಂ ಅಂತ ಹೇಳ್ರಿ."

"ಹಂಗಾದ್ರ ಆಗಲಿ. ಆದ್ರ ನಡುವ ಎಲ್ಲೂ ಇಡಬಾರದು. ಅರಿವಿ ಮ್ಯಾಲೂ ಇಲ್ಲ, ಪತ್ತಾರನ ಅಂಗೈಯಾಗೂ ಇಲ್ಲ. ಇಲ್ಲಿಂದ ತಗದದ್ದು ಸೀದಾ ಅಲ್ಲಿಗಿ ಹೋಗಬೇಕು."

ಪತ್ತಾರ ಅನುಭವಸ್ಥ, ಆದರೆ ಇಂಥ ಕೆಲಸ ಅವನೂ ಮಾಡಿರಲಿಲ್ಲ. ಆಯಿಯ ಮೂಗಿಗೂ ಮುತ್ಯಾನ ಕಿವಿಗೂ ಒಂದು ಬೆರಳಿನ ಅಂತರ ಬರುವವರೆಗೆ ಇಬ್ಬರ ತಲೆಗಳನ್ನೂ ಹತ್ತಿರ ಹತ್ತಿರ ತಂದ. ನಾಲ್ಕು ಜನರ ಮುಂದೆ ಮಾತೇ ಆಡದವರು ಹಾಗೆ ಕೆನ್ನೆಗೆ ಕೆನ್ನೆ ತಾಗಿಸಿ ಕುಳಿತರು. ಮುತ್ಯಾ ನೆಲ ನೋಡುತ್ತಿದ್ದ. ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ನರ್ಸಬಾಯಿ ಪರದೆಯನ್ನು ಇನ್ನಷ್ಟು ಎಳೆದಳು.

ಆಚೆಯಿಂದ ಗಿರಣಿಯವನ ದನಿ: "ಬಾಯಾರ, ಅಲ್ಲಿ ಏನ ನಡದೈತ್ರಿ?"

"ಲಗ್ನ" ಎಂದಳು ನರ್ಸಬಾಯಿ. "ಸುಮ್ಮನ ಮಲಗು."

ಸ್ವಲ್ಪ ಹೊತ್ತು ಬಿಟ್ಟು ಮೂಡಲಗಿಯ ರೈತ ಆಚೆಯಿಂದ ಕೇಳಿದ: "ಊಟ ಐತೇನ್ರಿ?" ಅವನು ಶಸ್ತ್ರಕ್ರಿಯೆಯಾದಾಗಿನಿಂದ ಏನೂ ಉಂಡಿರಲಿಲ್ಲ.

ತಿರುಪು ಬಿಚ್ಚಿತು. ಮೂಗುತಿ ಮೂಗಿನಿಂದ ಕಿವಿಗೆ ಹೋಗಿ, ಬಿಗಿದುಕೊಂಡು ಕುಳಿತಿತು. ಮೂಗಿನ ತೂತು ಮುಚ್ಚದಿರಲೆಂದು ಪತ್ತಾರ ಬೇವಿನ ಕಡ್ಡಿಯ ಸಣ್ಣ ಚೂರು ಸೇರಿಸಿದ. ಆಯಿ ಕಣ್ಣು ತೆರೆದು ಗಂಡನನ್ನು ನೋಡಿದಳು. ಆತ ಬದುಕಿದ್ದ.

ನಾನು ತಡಮಾಡಲಿಲ್ಲ. ನಳಿಗೆ ಹಾಕಿದೆ, ಗಂಟಲಿಗೆ ಮುಟ್ಟಿಸಿದೆ. "ನುಂಗಬೇ ಆಯಿ."

ಆಯಿ ನುಂಗಿದಳು, ಮುತ್ಯಾ ನುಂಗಿದ, ಪತ್ತಾರ ನುಂಗಿದ. ಪರದೆಯ ಆಚೆ ಮೂಡಲಗಿಯ ಮನೆತನ ನುಂಗಿತು. ಗುಟುಕಿನ ಮೇಲೆ ಗುಟುಕು, ನಳಿಗೆ ಇಳಿಯಿತು. ಪಿಚಕಾರಿಯಿಂದ ಎಳೆದಾಗ ಹಸಿರು ನೀರು ಬಂತು, ನೀಲಿ ಲಿಟ್ಮಸ್ ಕಾಗದ ಅದರಲ್ಲಿ ಕೆಂಪಾಯಿತು. ಹೊಟ್ಟೆಗೇ ಹೋಗಿದೆ. ನಾನೂ ಒಮ್ಮೆ ನುಂಗಿದೆ.

ಮಧ್ಯಾಹ್ನದ ಹೊತ್ತಿಗೆ ಆಯಿ ಎಷ್ಟೋ ದಿನಗಳ ಮೇಲೆ ನಿದ್ದೆ ಹೋದಳು. ಮುತ್ಯಾ ಎದುರಿಗೆ, ಮೂಗುತಿ ಇದ್ದ ಕಿವಿ ಆಕೆಯ ಕಡೆಗೆ ಇರುವಂತೆ ಓರೆಯಾಗಿ ಕುಳಿತಿದ್ದ. ಸ್ವಲ್ಪ ನೇರ ಕುಳಿತುಕೊಳ್ಳಿರಿ, ಕುತ್ತಿಗೆ ನೋಯುತ್ತದೆ ಎಂದೆ. "ಎಚ್ಚರಾದ್ರ ಮೊದಲ ಇದನ್ನ ನೋಡತಾಳ್ರಿ" ಎಂದ.

ಹೇಳು ಅವರಿಗಿ

ಚಾಕು ಹಿಡಿಯುವ ಪ್ರಸಂಗ ಬರಲಿಲ್ಲ. ಹೊಟ್ಟೆ ಖಾಲಿಯಾಗಿ, ಉಬ್ಬರ ಇಳಿದು, ಕರುಳು ತಾನಾಗಿಯೇ ಬಿಡಿಸಿಕೊಂಡಿತು. ನಳಿಗೆ ತೆಗೆದ ದಿನ ಆಯಿ ಗಂಜಿ ಕುಡಿದಳು, ಅದು ತೆಳ್ಳಗಾಯಿತೆಂದು ನರ್ಸಬಾಯಿಯನ್ನು ಬೈದಳು. ಉಳಿಯುತ್ತಾಳೆ ಎಂದು ನನಗೆ ಆಗ ಖಾತ್ರಿಯಾಯಿತು.

ಆ ದಿನಗಳಲ್ಲಿ ಮಮದಾಪುರದಿಂದ, ಅರಭಾವಿಯಿಂದ ಬಂದು ಹೋದವರೆಲ್ಲ ಮೊದಲು ಆಯಿಯ ಮೂಗಿನ ಕಡ್ಡಿ ನೋಡಿದರು, ಆಮೇಲೆ ಮುತ್ಯಾನ ಕಿವಿ ನೋಡಿದರು, ಆಮೇಲೆ ಹೊರಗೆ ಹೋಗಿ ನಕ್ಕರು. ಆತ ಮೂಗುತಿ ಮುಟ್ಟಲಿಲ್ಲ.

ಊರಿಗೆ ಹೊರಡುವ ದಿನ ಚಕ್ಕಡಿ ಬಾಗಿಲಿಗೆ ಬಂದು ನಿಂತಿತು. ಆಯಿ ಹುಲ್ಲಿನ ಮೇಲೆ ಕುಳಿತಳು. ಮುತ್ಯಾ ಹಗ್ಗ ಹಿಡಿದು, ನನ್ನನ್ನು ಹತ್ತಿರ ಕರೆದ.

"ಸಾಹೇಬ್ರ, ಆಕಿಗಿ ಕೇಳ್ರಿ. ಹಾದಿ ಮ್ಯಾಲೆ ಗೋಕಾಕದಾಗ ಪತ್ತಾರನ ಅಂಗಡಿಗಿ ಹೋಗಿ ಇದನ್ನ ವಾಪಸ್ ಹಾಕಿಸ್ಕೋತಾಳೇನಂತ. ಇವತ್ತ ಊರಾಗ ಸಂತಿ ಐತಿ."

ಕೇಳಿದೆ. ಆಯಿ ಆರಾಮಾಗಿ ಸೆರಗು ಸರಿಮಾಡಿಕೊಂಡಳು.

"ಹೇಳು ಅವರಿಗಿ. ಲಗ್ನ ಆದಾಗಿಂದ ಅವರ ಆಯುಷ್ಯ ನಾ ಮೂಗಿನ ಮ್ಯಾಲೆ ಹೊತ್ತೇನಿ. ಪಂಚಮಿ ತನಕ ನನ್ನ ಆಯುಷ್ಯ ಅವರ ಕಿವಿ ಮ್ಯಾಲೆ ಹೊರಲಿ. ಭಾರ ಎಷ್ಟೈತಿ ಗೊತ್ತಾಗಲಿ."

ಹೇಳಿದೆ. ಮುತ್ಯಾ ಕಿವಿ ಮುಟ್ಟಿ ನೋಡಿಕೊಂಡ. "ಹಗರ ಐತಿ ಅಂತ ಹೇಳ್ರಿ."

"ಮೊದಲ ಮೊದಲ ಹಂಗ ಅನಸತೈತಿ ಅಂತ ಹೇಳು."

ಎತ್ತುಗಳು ಹೊರಟವು. ನಾನು ಕೈಮುಗಿದು ನಿಂತೆ. ಚಕ್ಕಡಿ ಬೇವಿನ ಗಿಡ ದಾಟಿ, ರಸ್ತೆ ಹತ್ತಿ, ಸಾಕಷ್ಟು ದೂರ ಹೋಗಿತ್ತು. ಅಲ್ಲಿ ಗಾಲಿ ಒಂದು ಕಲ್ಲಿನ ಮೇಲೆ ಹತ್ತಿ ಇಳಿಯಿತು. ಆಯಿ ಹಿಂದೆ ತಿರುಗಿ ಕೈ ಬೀಸಿ ನನ್ನನ್ನು ಕೂಗಿದಳು. ಗಂಡನ ಬೆನ್ನು ಅವಳ ಮೊಳಕಾಲಿಗೆ ತಾಗಿತ್ತು.

"ಯಪ್ಪಾ ಡಾಕ್ಟರಾ, ಗಾಡಿ ಸಾವಕಾಶ ಹೊಡಿ ಅಂತ ಹೇಳು ಅವರಿಗಿ."

ನಾನು ಓಡಿ ಹೋಗಿ ಹೇಳಿದೆ. ಅಲ್ಲಿಯವರೆಗೆ ಮುತ್ಯಾ ಎತ್ತು ನಿಲ್ಲಿಸಿಕೊಂಡು, ಮರ್ಯಾದೆಯಿಂದ ಕಾಯುತ್ತಿದ್ದ.